ಮುಳ್ಳು ನೋಡುವ ಅತ್ತೆ, ಗಾಜು ಒರೆಸುವ ಮಾವ

ಇಡೀ ಗದಗ-ಬೆಟಗೇರಿಯಲ್ಲಿ ಒಂದೇ ಕಾರನ್ನು ಇಬ್ಬರು ಸೇರಿ ಓಡಿಸುವವರು ಯಾರಾದರೂ ಇದ್ದರೆ ಅವರು ನನ್ನ ಸೋದರಮಾವ ಮತ್ತು ಅತ್ತೆ! ಹಳೆಯ ಅಂಬಾಸಿಡರ್. ಮಾವ ರಸ್ತೆ ನೋಡುತ್ತಾನೆ, ಪಕ್ಕದಲ್ಲಿ ಕೂತ ಅತ್ತೆ ಮೀಟರುಗಳ ಮುಳ್ಳು ನೋಡಿ ಹೇಳುತ್ತಾಳೆ: "ಜೋರಾತ್ರಿ, ಸಾವಕಾಶ ಹೋಗ್ರಿ. ಪೆಟ್ರೋಲ್ ಅರ್ಧಾ ಐತಿ."

ಈಚೆಗೆ ಅತ್ತೆಗೆ ಆ ಮುಳ್ಳುಗಳು ಮಸುಕಾಗಿ ಕಾಣತೊಡಗಿದವು. ಕಣ್ಣಿಗೆ ಪೊರೆ ಬಂದಿದೆ, ಬೇಗ ಆಪರೇಷನ್ ಮಾಡಿಸದಿದ್ದರೆ ಕಷ್ಟ ಎಂದರು ಡಾಕ್ಟರು. ಆಪರೇಷನ್ ಎಂದದ್ದೇ ತಡ, ಮಾವ ಕುರ್ಚಿ ಬಿಟ್ಟೆದ್ದ.

"ಆಕಿ ಕಣ್ಣಿಗೆ ಏನಾಗೇತ್ರಿ? ಮೀಟರಿನ ಗಾಜು ಹೊಲಸಾಗೇತಿ. ತೊಳದ್ರ ಆತು!"

ಅಂದಿನಿಂದ ಮಾವ ಕೂತಲ್ಲಿ ಕೂತಿಲ್ಲ, ನಮ್ಮನ್ನೂ ಕೂರಗೊಟ್ಟಿಲ್ಲ. ಮೀಟರುಗಳನ್ನೆಲ್ಲ ಬಿಚ್ಚಿ ಪಡಸಾಲೆಯಲ್ಲಿ ಹರವಿದ. ದೇವರ ಸಾಮಾನು ತಿಕ್ಕುವ ಹುಣಸೆಹಣ್ಣಿನಿಂದ ಗಾಜಿನ ಸುತ್ತಲಿನ ಲೋಹದ ಬಳೆಗಳನ್ನು ತಿಕ್ಕಿದ. ವಿಭೂತಿ ಹಚ್ಚಿ ಗಾಜು ಒರೆಸಿದ. ಥಳಥಳ! ಅಷ್ಟಕ್ಕೆ ನಿಲ್ಲಬೇಕೋ ಬೇಡವೋ? ಹುಮ್ಮಸ್ಸಿನಲ್ಲಿ ಸ್ಪೀಡೋಮೀಟರಿನ ಒಳಗಿನ ತಗಡಿಗೂ ಹುಣಸೆಹಣ್ಣು ಹಚ್ಚಿಬಿಟ್ಟ. ಕೊಳೆ ಹೋಯಿತು, ಅದರ ಹಿಂದೆಯೇ ಅಂಕಿಗಳೂ ಹೋದವು!

"ಈಗ ಕಣ್ಣಿದ್ದವರಿಗೂ ಕಾಣಂಗಿಲ್ಲ ಬಿಡ್ರಿ," ಅಂದಳು ಅತ್ತೆ.

ಮಾವ ಬೆಟಗೇರಿಯ ಪೇಂಟರನ ಬಳಿ ಓಡಿದ. ಟ್ರ್ಯಾಕ್ಟರುಗಳ ಹಿಂದೆ ಹೆಸರು ಬರೆದು ಪಳಗಿದ ಕೈ ಅದು. ಕನ್ನಡ ಅಂಕಿಗಳನ್ನು ದುಂಡಗೆ ಬರೆದು, ಮೇಲೊಂದು 'ಶ್ರೀ' ಹಾಕಿ, ಕೆಳಗೆ 'ನಿಧಾನವಾಗಿ ಚಲಿಸಿ' ಅಂತಲೂ ಬರೆದುಕೊಟ್ಟ. ಯಾಕಪ್ಪಾ ಎಂದರೆ, "ಜಾಗಾ ಖಾಲಿ ಬಿಡಬಾರ್ದ್ರಿ ಯಜಮಾನ್ರ" ಅಂದನಂತೆ!

ಮುಂದೆ ಲಕ್ಷ್ಮೇಶ್ವರಕ್ಕೆ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದೆವು. ಕೂಸಿಗೆ ಹೆಸರಿಡುವ ಹೊತ್ತಿಗೆ ಮಾವ ಮಾಯ! ಊಟದ ಹೊತ್ತಿಗೆ ಗುಜರಿ ಅಂಗಡಿಯಿಂದ ಮೀಟರಿಗೆ ಗೀರಿಲ್ಲದ ಇನ್ನೊಂದು ಗಾಜು ಹಿಡಿದು ಬಂದ. ಅತ್ತೆಗೆ ಉಡಿ ತುಂಬಿದ ಚೀಲದಿಂದ ತೆಂಗಿನಕಾಯಿ ಹೊರಗೆ ಬಂತು, ಗಾಜು ಒಳಗೆ ಹೋಯಿತು.

"ಕೂಸಿನ ಹೆಸರರ ಕೇಳಿದೇನು ಮಾಮಾ?" ಎಂದೆ.

"ಹೆಸರು ನಾಳೆನೂ ಇರತೈತಿ. ಈ ಸಾಮಾನು ನಾಳೆ ಸಿಗತೈತೇನ್ಲೇ?"

ಕಳೆದ ರವಿವಾರ ಕೆಲಸ ಮುಗಿಯಿತು. ಗಾಜು ಕೂರಿಸುವ ಮೊದಲು ಮಾವ ಸ್ಪೀಡೋಮೀಟರಿನ ಮುಳ್ಳನ್ನು ಕಿತ್ತು ಅರವತ್ತರ ಮೇಲೆ ಒತ್ತಿ ಕೂರಿಸಿದ. ಅತ್ತೆಯನ್ನು ಅಂಗಳದ ಬೆಳಕಿಗೆ ಕರೆದು ಮೀಟರನ್ನು ಅವಳ ಮುಖದ ಮುಂದೆ ಹಿಡಿದ.

"ಎಷ್ಟೈತಿ ಹೇಳು ನೋಡೂಣು."

ಅತ್ತೆ ಮೀಟರಿನ ಕಡೆ ಕಣ್ಣು ಕಿರಿದು ಮಾಡಿದಳು. ಆಮೇಲೆ ಅವನ ಮುಖದ ಕಡೆ ತಿರುಗಿದಳು. "ಎಷ್ಟ ಛಂದ ಕಾಣಾಕತ್ತೈತ್ರಿ! ನಲವತ್ತು."

ನಲವತ್ತು ಮಾವ ದಿನವೂ ಓಡಿಸುವ ವೇಗ. ಅವನ ಮನಸ್ಸು ನೋಯದಿರಲೆಂದು ಅಂದಾಜಿನ ಮೇಲೆ ಹೇಳಿದ್ದಳು. ಇಷ್ಟು ದಿನ ಇವರನ್ನು ನೋಡಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮಾವ ಮೀಟರನ್ನು ಕೆಳಗಿಳಿಸಿದ. "ಬರೋಬರಿ ಹೇಳಿದಿ. ನಲವತ್ತ ಐತಿ," ಅಂದ.

ಆಮೇಲೆ ಒರೆಸುವ ಅರಿವೆ ಮಡಚಿಟ್ಟು, ನನ್ನನ್ನು ಬಾಗಿಲಾಚೆ ಕರೆದು ಮೆಲ್ಲಗೆ ಹೇಳಿದ: "ಡಾಕ್ಟರಿಗೆ ಫೋನ್ ಹಚ್ಚಲೇ. ನಾಳೆನ ಬರತೀವಿ ಅಂತ ಹೇಳು. ಆಪರೇಷನ್ ಮಾಡುವಾಗ ಆಕಿ ಕೈ ಹಿಡಕೊಂಡು ಕುಂಡ್ರಾಕ ನನ್ನ ಒಳಗ ಬಿಡತಾರೇನು, ಅದನ್ನೂ ಕೇಳು."