ಇಂಜಿನಿಯರರು ನೀರು ಕುಡಿಯತಕ್ಕದ್ದು

ಕಸದ ಕೆಲಸ ಮಾಡುವವನ ಹತ್ತಿರ ಯಾರೂ ಬಂದು ಕೂರುವುದಿಲ್ಲ, ಆದರೆ ನಗುವಂಥ ಪ್ರಸಂಗಗಳು ಮಾತ್ರ ಮನೆ ಹುಡುಕಿಕೊಂಡು ಬರುತ್ತಲೇ ಇರುತ್ತವೆ. ನಾನು ಭಟ್ಕಳ, ಹೊನ್ನಾವರ, ಕುಮಟೆ ಅಂತ ಇದೇ ಕರಾವಳಿಯಲ್ಲಿ ಸುತ್ತಿ ನಿವೃತ್ತನಾದ ಸಣ್ಣ ಇಂಜಿನಿಯರ್. ಚರಂಡಿ ಕಟ್ಟಿಸಿದ್ದೇನೆ, ಮೋರಿ ಕಟ್ಟಿಸಿದ್ದೇನೆ, ಅವೊಂದೂ ನೆನಪಿಲ್ಲ. ನೆನಪಿರುವುದು ಒಂದೇ ಗುಡ್ಡ. ಪೇಟೆಯ ಕಸವನ್ನು ಹೆದ್ದಾರಿ ಬದಿಯಲ್ಲಿ ಸುಡುವುದು ಬಿಟ್ಟು, ನೆಲಕ್ಕೆ ಹಾಳೆ ಹಾಸಿ, ಪದರ ಪದರವಾಗಿ ಮಣ್ಣು ಮುಚ್ಚುವ ಹೊಸ ಮಾದರಿಯ ಘಟಕ ಅಲ್ಲಿ ಆಗಬೇಕಿತ್ತು.

ಗುಡ್ಡದ ಬುಡದಲ್ಲಿ ಒಂದು ಕೇರಿ. ಕೇರಿಯ ಮೊದಲ ಮನೆ ಒಬ್ಬ ಅಜ್ಜಿಯದು, ಅವಳ ಅಂಗಳದಲ್ಲಿ ಕೇರಿಗೆಲ್ಲ ನೀರು ಕೊಡುವ ಬಾವಿ. ಮೇಲೆ ಕಸ ಬಂದರೆ ಕೆಳಗೆ ಬಾವಿ ಕೆಡುತ್ತದೆಯೋ ಇಲ್ಲವೋ, ಅವಳಿಗೆ ಅದೊಂದೇ ಚಿಂತೆ. ಅವಳು ಒಪ್ಪದೆ ಕೇರಿ ಒಪ್ಪುವಂತಿರಲಿಲ್ಲ, ಕೇರಿ ಒಪ್ಪದೆ ನನ್ನ ಘಟಕ ಕಾಗದ ಬಿಟ್ಟು ಏಳುವಂತಿರಲಿಲ್ಲ.

ಬಸಳೆ ಚಪ್ಪರ

ಗುಡ್ಡ ಅಳೆದು, ಪೊದೆಗಳ ಮೇಲಿಂದ ಕಾಣಲಿ ಎಂದು ತುದಿಗೆ ಕೆಂಪು ಬಣ್ಣ ಬಳಿದ ಆಳೆತ್ತರದ ಗೂಟಗಳನ್ನು ಗಡಿಯುದ್ದಕ್ಕೂ ಹುಗಿಸಿ ಬಂದೆ. ವಾರ ಬಿಟ್ಟು ಹೋದರೆ ಒಂದೂ ಇಲ್ಲ. ಶುರುವಾಯಿತು ವಿರೋಧ, ಇನ್ನು ಪೊಲೀಸ್ ಕಂಪ್ಲೇಂಟೇ ಗತಿ ಎಂದು ಗೊಣಗುತ್ತ ಬಿಸಿಲಲ್ಲಿ ಇಳಿದು ಬಂದೆ. ಅಜ್ಜಿ ಜಗುಲಿಯ ಮೇಲೆ ಕೂರಿಸಿ ಬೆಲ್ಲ, ನೀರು ತಂದಿಟ್ಟಳು. ಬಾಯಾರಿ ಬಂದವರಿಗೆ ಬೆಲ್ಲದ ತುಂಡು, ಒಂದು ಚೊಂಬು ನೀರು ಕೊಡುವುದು ನಮ್ಮ ಕಡೆಯ ಪದ್ಧತಿ, ಬಂದವನು ಯಾರೇ ಆಗಿರಲಿ. ಚೊಂಬು ಎತ್ತಿ ಕುಡಿಯುವಾಗ ಕಣ್ಣು ಎದುರಿನ ಬಸಳೆ ಚಪ್ಪರದ ಮೇಲೆ ಬಿತ್ತು. ಚಪ್ಪರಕ್ಕೆ ಹೊಸ ಕಾಲುಗಳು ಬಂದಿದ್ದವು, ಅಷ್ಟಕ್ಕೂ ತುದಿ ಕೆಂಪು.

"ಅಜ್ಜಿ, ಈ ಗೂಟ ಎಲ್ಲಿದು?"

"ಗುಡ್ಡದ ಮೇಲೆ ಯಾರೋ ಹುಗಿದಿಟ್ಟು ಮರ್ತು ಹೋಗಿದ್ರು ತಮಾ. ಮಳೆಗೆ ನೆನೆದು ಕುಂಬಾಗಿ ಹೋಗ್ತಿತ್ತು, ನಾನೇ ತಂದೆ."

"ಅದು ಸರ್ಕಾರದ ಗಡಿ ಅಜ್ಜಿ!"

"ಹೌದಾ? ಹಂಗಾರೆ ನಿಂಗೂ ಪಾಲು ಅದೆ," ಎಂದು ಎಳೆ ಬಸಳೆ ಕೊಯ್ದು ಬಾಳೆನಾರಲ್ಲಿ ಕಟ್ಟಿ ಕೈಗಿತ್ತಳು.

ಕಂಪ್ಲೇಂಟ್ ಬರೆಯಬೇಕಿದ್ದ ನಾನು ಮರುದಿನ ಮಧ್ಯಾಹ್ನ ಸರ್ಕಾರದ ಗಡಿಯನ್ನು ಸಿಗಡಿ ಹಾಕಿಸಿ ಉಂಡೆ.

ಮೇಜಿನ ಮೇಲಿನ ಬಾಟಲಿ

ಊರವರ ಸಭೆ ಶಾಲೆಯಲ್ಲಿ ನಡೆಯಿತು. ದೂರದ ಕಚೇರಿಯಿಂದ ಹಿರಿಯ ಸಾಹೇಬರು ಬಂದಿದ್ದರು. ನಿಮ್ಮ ಬಾವಿಗಳಿಗೆ ಏನೂ ಆಗುವುದಿಲ್ಲ, ನೀರು ಈಗ ಹೇಗಿದೆಯೋ ಹಾಗೆಯೇ ಇರುತ್ತದೆ ಎಂದು ಬೆವರು ಒರೆಸಿಕೊಳ್ಳುತ್ತ ಭಾಷಣ ಮಾಡಿದರು. ಗಂಟಲು ಒಣಗಿ, ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಬಾಟಲಿಗಳಲ್ಲಿ ಒಂದರ ಮುಚ್ಚಳ ತಿರುಪಿದರು.

ಹಿಂದಿನ ಬೆಂಚಿನಿಂದ ಅಜ್ಜಿ ಎದ್ದು ನಿಂತಳು. "ಸಾಯೇಬ್ರೆ, ಕಸ ಇನ್ನೂ ಬರ್ಲೇ ಇಲ್ಲ. ನೀವು ಈಗ್ಲೇ ನಮ್ಮೂರ ನೀರು ಬಿಟ್ರಲ್ಲ!"

ಶಾಲೆ ಹಾರಿಹೋಗುವಂತೆ ನಗು. ಸಾಹೇಬರು ಬಾಟಲಿಯನ್ನು ಮೇಜಿನ ಕೆಳಗಿಟ್ಟು, ಉಳಿದ ಭಾಷಣವನ್ನು ಕೆಮ್ಮುತ್ತಲೇ ಮುಗಿಸಿದರು. ಜೀಪು ಹತ್ತುವಾಗ ನನ್ನನ್ನು ಕರೆದು, "ಆ ಮುದುಕಿಯನ್ನ ಒಪ್ಪಿಸೋದು ನಿಮ್ಮ ಜವಾಬ್ದಾರಿ" ಎಂದರು. ಅಷ್ಟು ಹೇಳಿ ಗಟಗಟನೆ ಬಾಟಲಿ ಖಾಲಿ ಮಾಡಿದರು.

ಹಾಳೆಯ ತುಂಡು

ಬಾಯಿಮಾತು ಬೇಡ ಎಂದು ನೆಲಕ್ಕೆ ಹಾಸುವ ಹಾಳೆಯದೇ ಒಂದು ದೊಡ್ಡ ತುಂಡು ತರಿಸಿದೆ. ಎಳೆದರೆ ಹರಿಯದ ದಪ್ಪ ಕಪ್ಪು ಹಾಳೆ. ಮನೆಮನೆಗೆ ಹೊತ್ತುಕೊಂಡು ಹೋಗಿ, ನೀರು ಸುರಿದು, ಸೋರುವುದಿಲ್ಲ ನೋಡಿ ಎಂದು ತೋರಿಸಿದೆ. ಎಲ್ಲರೂ ಮುಟ್ಟಿ ನೋಡಿದರು. ಕೇಳಿದ್ದು ಮಾತ್ರ ಒಂದೇ ಪ್ರಶ್ನೆ: "ಇದು ಎಲ್ಲಿ ಸಿಗ್ತದೆ?" ಅಜ್ಜಿಯ ಜಗುಲಿಯಲ್ಲಿಟ್ಟು ಹೋಗಿದ್ದ ಹಾಳೆ ಮರುವಾರಕ್ಕೆ ಕಾಣೆ. ನಾನು ಕೇಳಲಿಲ್ಲ, ಬಸಳೆ ತಿಂದ ಬಾಯಿ.

ಮಳೆಗಾಲ ಕಳೆದು ಎರಡನೇ ಸಭೆ. ಹಾಳೆ ಸೋರುವುದಿಲ್ಲ ಎಂಬುದಕ್ಕೆ ಏನು ಗ್ಯಾರಂಟಿ ಎಂದು ಯಾರೋ ಕೇಳಿದರು. ನಾನು ಫೈಲು ಬಿಚ್ಚುವಷ್ಟರಲ್ಲಿ ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ದೋಣಿ ಇರುವ ಅಜ್ಜಿಯ ಮಗ ಎದ್ದ.

"ಸೋರೂದೇ ಇಲ್ಲ. ಇಡೀ ಮಳೆಗಾಲ ನನ್ನ ದೋಣಿ ಇಂಜಿನ್ನಿಗೆ ಅದನ್ನೇ ಹೊಚ್ಚಿದ್ದೆ, ಒಂದು ತೊಟ್ಟು ಇಳೀಲಿಲ್ಲ," ಎಂದವನು ಥಟ್ಟನೆ ನನ್ನ ಮುಖ ನೋಡಿ ಕೂತುಬಿಟ್ಟ.

ನನ್ನ ಸರ್ವಿಸಿನಲ್ಲಿ ಇಂಥ ಸರ್ಟಿಫಿಕೇಟ್ ಇನ್ನೊಂದು ಸಿಕ್ಕಿಲ್ಲ. ಹೊರಗೆ ಸಿಕ್ಕಾಗ ಮೆಲ್ಲಗೆ ಹೇಳಿದ: "ತಪ್ಪು ತಿಳೀಬೇಡಿ ಸಾಹೇಬ್ರೆ. ಘಟಕ ಆದ ಮೇಲೆ ತುಂಡು ಗಿಂಡು ಉಳಿದ್ರೆ ಹೇಳಿ."

ಷರತ್ತು

ಅದೇ ಸಭೆಯಲ್ಲಿ ಅಜ್ಜಿ ತೀರ್ಪು ಕೊಟ್ಟಳು. "ಹಾಳೆ ಸೋರೂದಿಲ್ಲ ಅಂದ್ರೆ ಆತು. ಆದ್ರೆ ವರ್ಷಾ ವರ್ಷಾ ದೀಪಾವಳಿಗೆ ನೀರು ತುಂಬೂ ಹಬ್ಬದ ಹಿಂದಿನ ದಿನ ಇವ ಬಂದು ನನ್ನ ಬಾವಿ ನೀರು ಒಂದು ಚೊಂಬು ಕುಡೀಬೇಕು. ಬರ್ಕಳಿ."

ಬರೆದುಕೊಂಡರು. "ಇಂಜಿನಿಯರರು ನೀರು ಕುಡಿಯತಕ್ಕದ್ದು" ಎಂದು ಠರಾವಾಯಿತು. ಮೇಲಿನ ಕಚೇರಿಯಿಂದ ಪತ್ರ ಬಂತು: ಸದರಿ ಇಂಜಿನಿಯರರು ವರ್ಗವಾದಲ್ಲಿ ನೀರನ್ನು ಯಾರು ಕುಡಿಯಬೇಕು? ಅಜ್ಜಿಗೆ ಓದಿ ಹೇಳಿದೆ. "ವರ್ಗ ಆದ್ರೆ ಬಸ್ಸಿಲ್ವಾ?" ಎಂದಳು. ಹಾಗೇ ಉತ್ತರ ಬರೆದೆ.

ಮರುದಿನದ ಫೋನು

ಘಟಕ ಆಯಿತು. ನಾನು ನಿವೃತ್ತನಾಗಿ ಕುಮಟೆಯಲ್ಲಿ ಮನೆ ಮಾಡಿದೆ, ಆದರೆ ಆ ಚೊಂಬು ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ. ಆ ಜಗುಲಿಯಲ್ಲಿ ಕೂತು ಬೆಲ್ಲ ಕಡಿಯುವಾಗ ಹಳೆಯ ದಿನಗಳೆಲ್ಲ ನೆನಪಾಗಿ ಸಂತೋಷವೂ ಆಗುತ್ತದೆ, ಸಂಕಟವೂ ಆಗುತ್ತದೆ. ಚಪ್ಪರದ ಒಂದು ಕಾಲಿನ ತುದಿಯಲ್ಲಿ ಇನ್ನೂ ಚೂರು ಕೆಂಪು ಉಳಿದಿದೆ.

ಪ್ರತಿ ವರ್ಷ ಮರುದಿನ ಬೆಳಿಗ್ಗೆ ಅಜ್ಜಿಯ ಫೋನು ಬರುತ್ತಿತ್ತು. "ಆರಾಮಾ ತಮಾ? ಹೊಟ್ಟೆ ಎಲ್ಲಾ ಸಮ ಅದ್ಯಾ?" ನನಗೆ ಕಣ್ಣು ತುಂಬುತ್ತಿತ್ತು. "ನೋಡು, ಒಡಹುಟ್ಟಿದವರೂ ಹೀಗೆ ವಿಚಾರಿಸುವುದಿಲ್ಲ," ಎಂದು ಹೆಂಡತಿಗೆ ಹೇಳುತ್ತಿದ್ದೆ.

ಹೋದ ವರ್ಷ ಚೊಂಬು ಮುಗಿಸಿ ಬರುವಾಗ ಮೊಬೈಲನ್ನು ಬಸ್ಸಿನಲ್ಲಿ ಬಿಟ್ಟೆ. ಮರುದಿನ ಮಧ್ಯಾಹ್ನ ಉಂಡು ಕೂತಿದ್ದಾಗ ಅಜ್ಜಿಯ ಮಗ ಬೈಕಿನಲ್ಲಿ ಬಂದು ಅಂಗಳದಲ್ಲೇ ಎದೆ ಹಿಡಿದುಕೊಂಡು ನಿಂತ.

"ಬದುಕಿದ್ದೀರಲ್ಲ ಸಾಹೇಬ್ರೆ!"

"ಎಂತ ಆತು?"

"ಎಂತ ಆತು ಅಂದ್ರೆ? ಬೆಳಗಿಂದ ನಿಮ್ಮ ಫೋನು ಹತ್ತೂದಿಲ್ಲ. ಸಂಜೆ ನೀರು ತುಂಬಬೇಕು, ಕೇರಿಯವರೆಲ್ಲಾ ಕೊಡಪಾನ ಹಿಡ್ಕಂಡು ನಿಂತಿದ್ದಾರೆ. ಅವ್ವ ಬಾವಿ ಮುಟ್ಟೂಕೆ ಬಿಡೂದಿಲ್ಲ."

"ಯಾಕೆ?"

"ನೀವು ಕುಡ್ದು, ರಾತ್ರಿ ಕಳ್ದು, ಆರಾಮಿದ್ದೀರಿ ಅಂತ ಗೊತ್ತಾದ ಮೇಲೇ ಅಲ್ವಾ ನಾವು ಕುಡಿಯೂದು? ವರ್ಷಾ ಹಂಗೇ."

ನಾನು ಹೆಂಡತಿಯ ಮುಖ ನೋಡಲಿಲ್ಲ. "ಅಲ್ಲೀವರೆಗೆ ಎಂತ ಕುಡೀತೀರಿ?"

"ಮಳೆ ಹಿಡ್ದ ಮೇಲೆ ನಲ್ಲಿ ನೀರು. ಅದಿಲ್ಲದಿದ್ರೆ ಬಾಟಲಿ. ಆ ಸಾಯೇಬ್ರು ಕುಡೀತಿದ್ರಲ್ಲ, ಅದೇ."

ತನ್ನ ಫೋನಿನಲ್ಲೇ ಅಜ್ಜಿಗೆ ಹಚ್ಚಿಕೊಟ್ಟ. ಇಷ್ಟು ವರ್ಷ ಕೇಳಿ ಕಣ್ಣೀರಿಟ್ಟ ಅದೇ ದನಿ.

"ಆರಾಮಾ ತಮಾ?"

"ಆರಾಮ ಅಜ್ಜಿ."

"ಹೊಟ್ಟೆ?"

"ಸಮ ಅದೆ."

ಫೋನು ಕೈಯಲ್ಲಿ ಹಿಡಿದೇ ಅವಳು ಕೇರಿಗೆಲ್ಲ ಕೇಳುವಂತೆ ಕೂಗಿದಳು: "ಸಾಯ್ಲಿಲ್ಲ ಇವ! ಬನ್ನಿ, ನೀರು ತುಂಬಿ!"