ಮಾವನ್ನ ಕಡಾ ಕೊಟ್ಟದ್ದು

ನನ್ನ ಹಣೇಬರ ಹೆಂಗದ ಅಂದ್ರ, ಯಾರರ ನನಗ ಛಲೋ ಮಾಡ್ಬೇಕಂತ ಮನಸ್ಸು ಮಾಡಿದ್ರು ಅಂದ್ರ ಸಾಕು, ಅವತ್ತಿಂದ ನನ್ನ ಗ್ರಹಚಾರ ಶುರು ಆತು ಅಂತ ತಿಳ್ಕೋಬೇಕು. ವೈರಿಗಳಿಂದ ನನಗ ಏನೂ ತ್ರಾಸ ಆಗಿಲ್ಲ. ವೈರಿಗಳಂತ ಯಾರೂ ಇರ್ಲೂ ಇಲ್ಲ. ಇದ್ದವರು ಇಬ್ರು ದೋಸ್ತರು, ಅವರೇ ಸಾಕಾಗಿದ್ರು.

ನಿಜಾಮರ ರಾಜ್ಯದ ಕಾಲದ ಮಾತು. ಶಹಾಬಾದದಾಗ ಒಂದು ಪರಸಿ ಕಾರ್ಖಾನಿಯೊಳಗ ನಾ ಕಾರಕೂನ ಇದ್ದೆ. ಖಣಿಯಿಂದ ಬಂದ ಪರಸಿಕಲ್ಲು ಅಳದು ಬರಿಯೋ ಕೆಲಸ. ಒಂದಿನ ಮಾಲಕನ ಹೆಂಡ್ತಿಯ ತಮ್ಮ ಊರಿಂದ ಬಂದ. ಮರುದಿನ ಮುಂಜಾನಿ ನಾ ಹೋಗೋದ್ರೊಳಗ ನನ್ನ ಗಾದಿ ಮ್ಯಾಲ ಅಂವ ಕುಂತಿದ್ದ. "ಬರ್ರಿ, ಕುಂದ್ರಿ" ಅಂದ. ಕುಂದ್ರಲಿಕ್ಕ ಜಾಗಾ ಎಲ್ಲಿತ್ತು? ಹೊಳ್ಳಿ ಮನಿಗಿ ಬಂದೆ.

ಮನ್ಯಾಗ ಯಾರೂ ಇರ್ಲಿಲ್ಲ. ಹೆಂಡ್ತಿ ಬಾಣಂತನಕ್ಕ ತವರಮನಿಗಿ, ಚಿಂಚೋಳಿ ಕಡಿ ಐನಾಪುರಕ್ಕ ಹೋದಾಕಿ ಅಲ್ಲೇ ಇದ್ಲು. ಹೆಣ್ಣು ಕೂಸು ಹುಟ್ಟಿತ್ತು. ಹೆಸರಿಡೋ ದಿನ ಒಮ್ಮೆ ನೋಡಿ ಬಂದಿದ್ದೆ, ಅಷ್ಟೇ. ಐದು ತಿಂಗಳಾತು ಕಳಸ್ರಿ ಅಂತ ಹೇಳಿ ಕಳಿಸಿದ್ರ, ಮಾವ ತಿರುಗಿ ಹೇಳಿ ಕಳಿಸಿದ: "ನೌಕರಿ ಇಲ್ಲ, ಮಾಳಿಗಿ ಸೋರ್ತದ. ನಾ ಬದಕಿರೋ ತನಕ ಅಂಥ ಮನಿಗಿ ಕೂಸು ಕಳ್ಸಂಗಿಲ್ಲ." ಅಂವ ಹೇಳಿದ್ದು ತಪ್ಪಿದ್ರ ಸಿಟ್ಟರ ಮಾಡಬಹುದಿತ್ತು. ತಪ್ಪಿರ್ಲಿಲ್ಲ. ಕೂಸು ಬರ್ತದಂತ ನಾ ತಂದಿಟ್ಟ ತೊಟ್ಟಲದಾಗ ಆ ಮಳಿಗಾಲದಾಗ ಸೋರೋ ನೀರು ಹಿಡೀಲಿಕ್ಕ ಬೋಗಾಣಿ ಇಟ್ಟಿದ್ದೆ. ದಿನಾ ಅದನ್ನ ತೆಗದು ಚೆಲ್ಲಿ, ಹೊಳ್ಳಿ ತೊಟ್ಟಲದಾಗೇ ಇಡ್ತಿದ್ದೆ.

ಸಂಜಿಕಿ ಸ್ಟೇಷನ್ ಹತ್ತಿರದ ಚಾ ಹೋಟೆಲಿನ್ಯಾಗ ಮೂರೂ ಮಂದಿ ಕೂಡ್ತಿದ್ವಿ. ಒಬ್ಬ ಸರ್ಕಾರಿ ಸಾಲಿಯೊಳಗ ಕನ್ನಡ ಕಲಿಸೋ ಮಾಸ್ತರ. ಇನ್ನೊಬ್ಬ ಗೌಂಡಿ, ಮನಿ ಕಟ್ಟಾಂವ. ಎಲ್ಲಿ ನೌಕರಿ ಖಾಲಿ ಅದ, ಯಾರ ಸಾಹೇಬ ಎಷ್ಟು ಕೆಟ್ಟಾಂವ ಅದಾನ, ಯಾರ ಮನಿ ಗ್ವಾಡಿ ಎಲ್ಲಿ ಬಿರಕ ಬಿಟ್ಟದ, ಇದೇ ಮಾತು. ಮಾಸ್ತರಗ ಸಾಲಿ ಬ್ಯಾಡಾಗಿತ್ತು, ಗೌಂಡಿಗಿ ಸುಣ್ಣ ಬ್ಯಾಡಾಗಿತ್ತು. ನನಗ ಯಾವುದು ಕೊಟ್ರೂ ನಡೀತಿತ್ತು, ಕೊಡಾವ್ರೇ ಇರ್ಲಿಲ್ಲ.

೧. ಕೈ ಅಂದಾಜು

ಮಾಳಿಗಿ ಸುದ್ದಿ ತೆಗದಾಗ ಗೌಂಡಿ ನಕ್ಕ. "ಇದೊಂದು ದೊಡ್ಡ ಮಾತೇನು? ಪರಸಿ ಸಂದಿನ್ಯಾಗ ಸುಣ್ಣದ ಗಾರಿ ತುಂಬು. ಬರೇ ನೀರು ಹಾಕ್ಬ್ಯಾಡ, ಬೆಲ್ಲದ ನೀರು ಹಾಕಿ ಕಲಸು. ಹಳೇ ಗುಮ್ಮಟ ಎಲ್ಲಾ ಹಂಗೇ ನಿಂತಾವ."

"ಬೆಲ್ಲ ಎಷ್ಟು?" ಅಂದೆ.

"ಕೈ ಅಂದಾಜು."

ಅವನ ಕೈಗಿ ಮೂವತ್ತು ವರ್ಷದ ಅಂದಾಜು ಇತ್ತು. ನನ್ನ ಕೈಗಿ ಪೆನ್ನು ಹಿಡಿಯೋದೊಂದೇ ಗೊತ್ತು. ಬಾಜೂಕ ಕುಂತ ಮಾಸ್ತರ, "ಗಟ್ಟಿ ಆಗ್ಬೇಕಲ್ಲ, ಜಾಸ್ತೀನೇ ಹಾಕು" ಅಂದ. ಮಳಿ ಒಂದು ನಾಲ್ಕು ದಿನ ಬಿಡುವು ಕೊಟ್ಟಾಗ ಇಡೀ ಪೆಂಟಿ ಬೆಲ್ಲ ಕದಡಿ, ಮಾಳಿಗಿ ಮ್ಯಾಲ ಕುಂತು ಒಂದೊಂದು ಸಂದಿ ತುಂಬಿದೆ. ಕೆಳಗಿಳಿಯುವಾಗ ಐನಾಪುರಕ್ಕ ಏನಂತ ಹೇಳಿ ಕಳಿಸ್ಲಿ ಅಂತ ಮಾತು ಸೈತ ಜೋಡಿಸಿ ಇಟ್ಕೊಂಡಿದ್ದೆ.

ಮೂರನೇ ದಿನ ಇರುವಿ ಬಂದ್ವು. ನಮ್ಮ ಓಣಿವು ಅಷ್ಟೇ ಅಲ್ಲ, ಖಣಿ ಕಡಿಯವೂ ಬಂದಿರಬೇಕು. ಗ್ವಾಡಿ ಮ್ಯಾಲ ಕರ್ರನ ಸಾಲು ಹಿಡದು ಏರಿದ್ವು, ಗಾರಿ ಕೊರದು ಒಳಗ ಇಳದ್ವು. ನಾಲ್ಕನೇ ದಿನ ಮಳಿ ಬಂತು. ಮೊದಲು ಬರೇ ನೀರು ಸೋರ್ತಿತ್ತು, ಈಗ ನೀರಿನ ಜೋಡಿ ಇರುವೀನೂ ಸೋರ್ಲಿಕತ್ತವು. ಬೋಗಾಣಿ ಚೆಲ್ಲಿದ್ರ ನೀರು ಹೋಗ್ತಿತ್ತು, ಇರುವಿ ಹೊಳ್ಳಿ ಮನಿಯೊಳಗ ಬರ್ತಿದ್ವು.

ಗೌಂಡಿನ್ನ ಕರಕೊಂಡು ಬಂದು ಮಾಳಿಗಿ ಏರಿಸಿದೆ. ಅಂವ ಭಾಳ ಹೊತ್ತು ನೋಡಿದ. ಸಂದಿಯೊಳಗಿನ ಗಾರಿ ಒಂದು ಚಿವುಟು ಕಿತ್ತು ನಾಲಿಗಿ ಮ್ಯಾಲ ಇಟ್ಕೊಂಡು ಕಣ್ಣು ಮುಚ್ಚಿದ.

"ಬೆಲ್ಲ ಭಾಳ ಛಲೋ ಅದಲ್ಲೋ. ಯಾವ ಅಂಗಡಿದು?" ಅಂದ.

೨. ಹತ್ತನೇ ತಾರೀಕು

ಮಾಸ್ತರ ಒಂದಿನ ಓಡಿಕೋತ ಬಂದ. ಸೇಡಂ ಕಚೇರಿಯೊಳಗ ಕನ್ನಡ ಕಾಗದ ನಕಲು ಮಾಡೋರು ಬೇಕಾಗ್ಯಾರಂತ, ಹತ್ತನೇ ತಾರೀಕಿಗಿ ಕರ್ದಾರಂತ. ಹತ್ತನೇ ತಾರೀಕು ಅಂದ್ರ ಮರುದಿನಾನೇ. ಮುಂಜಾನಿ ಗಾಡಿ ಹಿಡದು ವಾಡಿಯೊಳಗ ಇಳದು, ಇನ್ನೊಂದು ಗಾಡಿ ಏರಿ, ಮಧ್ಯಾಹ್ನಕ್ಕ ಸೇಡಂ ಮುಟ್ಟಿದೆ.

ಕಚೇರಿ ಬಾಗಲದಾಗಿನ ಜವಾನ ಹೇಳಿದ, "ಇವತ್ತು ಐದು."

"ಹತ್ತು ಅಲ್ಲೇನ್ರಿ?"

"ನಿಮ್ಮ ಹತ್ತು ರೇಲ್ವೆಯವರ ಇಂಗ್ರೇಜಿ ಹತ್ತು. ಇದು ಸರ್ಕಾರ. ಇಲ್ಲಿ ಫಸಲಿ ತಾರೀಕು ನಡೀತದ. ಇವತ್ತು ಶಹರೇವರ ತಿಂಗಳು ಐದು. ಇನ್ನ ಐದು ದಿನ ಬಿಟ್ಟು ಬರ್ರಿ."

ಬೈಕೋತ ಬಂದೆ. ಐದು ದಿನ ಬೆರಳಿನ್ಯಾಗ ಎಣಿಸಿ ಮತ್ತ ಹೋದೆ. ಸರ್ಕಾರಿ ಹತ್ತು ಬರೋಬರಿ ಇತ್ತು, ಕಚೇರಿಗಿ ಕೀಲಿ ಹಾಕಿತ್ತು. ಜವಾನ ಬೇವಿನ ಗಿಡದ ಕೆಳಗ ಮಕ್ಕೊಂಡಿದ್ದ. ಎಬ್ಬಿಸಿದ್ರ, "ಇವತ್ತು ಶುಕ್ರವಾರ ಅಲ್ಲೇನ್ರಿ, ಸೂಟಿ. ನಾಳಿ ಬರ್ರಿ" ಅಂದ. ಊರಿಗಿ ಹೊಳ್ಳಿ ಹೋಗಿ ಬರೋ ತಾಕತ್ತು ಇರ್ಲಿಲ್ಲ. ಗುಡಿ ಕಟ್ಟಿ ಮ್ಯಾಲ ಬಿದ್ಕೊಂಡು, ಮುಂಜಾನಿ ಬಾಗಲಾ ತೆಗಿಯೋದ್ರೊಳಗ ಹಾಜರಾದೆ. ಸಾಹೇಬರು ಕನ್ನಡಕದ ಮ್ಯಾಲಿಂದ ನನ್ನ ನೋಡಿದ್ರು.

"ಆ ಕೆಲಸ ಒಬ್ಬರಿಗಿ ಕೊಟ್ಟಾತು" ಅಂದ್ರು.

"ಯಾವಾಗ ಕೊಟ್ರಿ ಸಾಹೇಬ್ರ? ಹತ್ತಕ್ಕ ಸೂಟಿ ಇತ್ತಲ್ರಿ."

"ಹತ್ತಕ್ಕ ಸೂಟಿ ಅಂತನೇ ಒಂಬತ್ತಕ್ಕ ಮುಗಿಸಿಬಿಟ್ಟೀವಿ."

೩. ಯಾರಿಗೂ ಹೇಳಬ್ಯಾಡ

ಗೌಂಡಿಗಿ ನನ್ನ ಮಾರಿ ನೋಡಿ ಕನಿಕರ ಬಂತು. ಬಾಜೂಕ ಬಂದು ಕಿವಿಯೊಳಗ ಹೇಳಿದ: "ವಾಡಿ ಸ್ಟೇಷನ್ ಗೋದಾಮಿನ್ಯಾಗ ಒಬ್ಬ ಆಳು ಬೇಕಾಗ್ಯಾನ. ನಾಳಿ ಮುಂಜಾನಿ ಹೋಗು. ಯಾರಿಗೂ ಹೇಳಬ್ಯಾಡ."

ಯಾರಿಗೂ ಹೇಳ್ಲಿಲ್ಲ. ಮುಂಜಾನಿ ಗಾಡಿ ಏರಿದ್ರ ಡಬ್ಬಿ ತುಂಬ ನಮ್ಮ ಓಣಿಯವರೇ. ಒಬ್ಬ ಎಮ್ಮಿ ನೋಡ್ಲಿಕ್ಕ ಹೊಂಟೀನಿ ಅಂದ. ಇನ್ನೊಬ್ಬ ಬೀಗರ ಮನಿಗಿ ಅಂದ. ಮತ್ತೊಬ್ಬ ಹಲ್ಲು ನೋಯ್ಲಿಕತ್ಯಾವ ಅಂತ ಕೆನ್ನಿ ಹಿಡ್ಕೊಂಡಿದ್ದ. ನಾ ರಾವೂರಕ್ಕ ಅಂದೆ. ವಾಡಿ ಬಂದ ಕೂಡ್ಲೇ ಎಮ್ಮಿ, ಬೀಗರು, ಹಲ್ಲು, ರಾವೂರ ಎಲ್ಲಾ ಬಿಟ್ಟು ಸೀದಾ ಗೋದಾಮಿನ ಬಾಗಲಕ್ಕೇ ಓಡಿದ್ವಿ. ಅಲ್ಲಿ ಪಾಳಿಯೊಳಗ ಎಲ್ಲಾರಿಗಿಂತ ಮುಂದ ಗೌಂಡಿ ನಿಂತಿದ್ದ.

"ನೀ ಇಲ್ಲಿ ಹೆಂಗೋ?" ಅಂದೆ.

"ಹೊತ್ತಾದ್ರ ನಿನಗ ಸಿಗ್ತದೋ ಇಲ್ಲೋ ಅಂತ ಮೊದಲೇ ಬಂದು ಪಾಳಿ ಹಿಡದೀನಿ" ಅಂದ. ಆದ್ರ ಸರದು ಜಾಗಾ ಕೊಡ್ಲಿಲ್ಲ.

ಗೋದಾಮಿನ ಸಾಹೇಬ ಹೊರಗ ಬಂದ. ಗದ್ದಲ ನೋಡಿ ತಲಿ ಕೆಟ್ಟಿರಬೇಕು. ಒಂದು ಕಡಿ ಸುಮ್ಮನ ನಿಂತಿದ್ದ ಮುದುಕನ ರಟ್ಟಿ ಹಿಡದು, "ಇವನೊಬ್ಬನೇ ಬಾಯಿ ಮುಚ್ಕೊಂಡು ನಿಂತಾನ, ಇವನೇ ಸಾಕು" ಅಂದ. ಮುದುಕ ಕೈ ಮುಗದ: "ಬ್ಯಾಡ್ರಿ ಯಪ್ಪಾ, ನಾ ಚಿತ್ತಾಪುರ ಗಾಡಿ ಎಷ್ಟೊತ್ತಿಗಿ ಬರ್ತದ ಅಂತ ಕೇಳ್ಲಿಕ್ಕ ಬಂದೀನಿ." ಕೇಳಾವ್ರು ಯಾರು? ಒಳಗ ಕರಕೊಂಡು ಹೋದ್ರು. ಹೊಂಟಾಗ ಅಂವ ನಮ್ಮನ್ನ ನೋಡಿದ ನೋಟ ಹೆಂಗಿತ್ತಂದ್ರ, ನಾವೇ ಅವನ ಮ್ಯಾಲ ಏನೋ ಅಪವಾದ ಹೊರಿಸಿದಂಗ ಇತ್ತು.

೪. ಎಂಟು ದಿನದ ರಜಾ

ಈಗ ಹೇಳೋದು ನಾ ಕೈಯಾರೆ ಮಾಡ್ಕೊಂಡದ್ದು.

ಚಿಂಚೋಳಿ ಕಚೇರಿಯೊಳಗ ಹೊಲ ಅಳಿಯೋ ಕಾರಕೂನನ ಜಾಗಾ ಖಾಲಿ ಅದ ಅಂತ ಮಾಸ್ತರ ಸುದ್ದಿ ತಂದ. ಅಳಿಯೋದು ನನ್ನ ಕಸಬು. ಅಲ್ಲಿಂದ ಐನಾಪುರ ಹತ್ತಿರ. ನೌಕರಿ ಸಿಕ್ರ ವಾರಕ್ಕೊಮ್ಮೆರ ಕೂಸಿನ ಮಾರಿ ನೋಡಬಹುದು. ಆದ್ರ ಅರ್ಜಿ ಉರ್ದುದಾಗ ಬರೀಬೇಕು, ನನಗ ಒಂದಕ್ಷರ ಬರ್ತಿರ್ಲಿಲ್ಲ. ಮಾಸ್ತರಗೂ ಬರ್ತಿರ್ಲಿಲ್ಲ, ಅವನಿಗೂ ಒಂದು ರಜಾ ಅರ್ಜಿ ಬೇಕಾಗಿತ್ತು. ಬ್ಯಾರೇ ಊರಾಗ ನೌಕರಿ ಹುಡುಕಲಿಕ್ಕ ಹೋಗೋ ವಿಚಾರ. ಅವನ ಹೊಸ ಹೆಡ್ ಮಾಸ್ತರ ಯಾರರ ಸಾಯೋ ತನಕ ರಜಾ ಕೊಡ್ತಿರ್ಲಿಲ್ಲ.

ಇಬ್ರೂ ಕೂಡಿ ಅರ್ಜಿ ಬರಿಯೋ ಮುನ್ಶಿ ಬಲ್ಲಿ ಹೋದ್ವಿ. ಅಂವ ಒಂದು ಗಿಡದ ಕೆಳಗ ಪೆಟಗಿ ಇಟ್ಕೊಂಡು ಕುಂದ್ರತಿದ್ದ.

"ಯಾರು ಸತ್ತಾರ?" ಅಂತ ಮುನ್ಶಿ ಮಾಸ್ತರಗ ಕೇಳಿದ.

ಮಾಸ್ತರ ತಲಿ ಕೆರಕೊಂಡ. ಅಜ್ಜ, ಕಾಕಾ, ಸೋದರತ್ತಿ ಎಲ್ಲಾರನೂ ಹಿಂದಿನ ಅರ್ಜಿಯೊಳಗ ಸಾಯಿಸಿ ಮುಗಿಸಿದ್ದ. ಮಾವ ಒಬ್ಬ ಉಳದಿದ್ದ, ಅಂವ ಶಹಾಬಾದದಾಗೇ ಇದ್ದ. ಇದ್ದೂರಾಗ ಸತ್ರ ಹೆಡ್ ಮಾಸ್ತರ ಮಣ್ಣಿಗಿ ಬಂದು ನಿಲ್ತಾನ. ದೂರದ ಊರಿನ ಮಾವ ಬೇಕಾಗಿತ್ತು. ನನ್ನ ಕಡಿ ಹೊಳ್ಳಿ, "ನಿಮ್ಮ ಮಾವನ್ನ ಒಂದು ಎಂಟು ದಿನ ಕಡಾ ಕೊಡು" ಅಂದ.

ಕೊಟ್ಟೆ. ಹೆಸರು, ಊರು, ಮನಿತನ ಎಲ್ಲಾ ನನ್ನ ಬಾಯಿಲೇ ಬರಿಸಿದೆ. ಸುಳ್ಳ್ಯಾಕ ಹೇಳ್ಲಿ, ಬರಿಸುವಾಗ ನನಗ ಒಂಚೂರು ಸಮಾಧಾನಾನೇ ಆತು.

ಮುನ್ಶಿ ಎರಡೂ ಅರ್ಜಿ ಬರದು ಮುಗಿಸೋದ್ರೊಳಗ ಪಟಪಟ ಹನಿ ಬಿದ್ವು. ಅಂವ ಗಡಿಬಿಡಿಲೇ ಕಾಗದ ಎತ್ತಿ ಅಂಗಿಯೊಳಗ ಮುಚ್ಚಿ, ಆಮ್ಯಾಲ ಒಂದು ನನಗ, ಒಂದು ಮಾಸ್ತರಗ ಕೊಟ್ಟು, "ಇಲ್ಲಿ ಸಹಿ ಮಾಡ್ರಿ" ಅಂತ ಬೆರಳು ಇಟ್ಟ. ಇಬ್ರೂ ಕನ್ನಡದಾಗ ಸಹಿ ಮಾಡಿದ್ವಿ. ಅಂವಂದು ಸಾಲಿಗಿ ಹೋತು, ನಂದು ಟಪಾಲಿನ್ಯಾಗ ಚಿಂಚೋಳಿಗಿ ಹೋತು.

ಮರುದಿನ ಸಂಜಿಕಿ ಮಾಸ್ತರ ಹೋಟೆಲಿಗಿ ಬಂದು ಧಪ್ಪಂತ ಕುಂತ. ಹೆಡ್ ಮಾಸ್ತರ ಎಲ್ಲಾರ ಮುಂದ ಅರ್ಜಿ ಓದಿದ್ನಂತ: ಮಾಡ್ಲಿಕ್ಕ ಕೆಲಸ ಇಲ್ಲ, ಹೆಂಡ್ತಿ ತವರಮನಿ ಸೇರ್ಯಾಳ, ಮಾಳಿಗಿ ಸೋರ್ತದ, ಏನು ಕೆಲಸ ಕೊಟ್ರೂ ಮಾಡ್ತೀನಿ. "ಕೆಲಸ ಇಲ್ಲ ಅಂದ್ರ ಮೊದಲೇ ಹೇಳಬಾರ್ದೇನ್ರಿ" ಅಂತ ಇನ್ನ ಎರಡು ವರ್ಗ ಅವನ ಕೊರಳಿಗಿ ಕಟ್ಟಿದ್ನಂತ. ಗೌಂಡಿ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ನಗುವಾಗ ಅರ್ಧಕ್ಕ ನೆನಪಾತು. ನಂದು ಸಾಲಿಗಿ ಹೋಗಿದ್ರ, ಅವಂದು ಎಲ್ಲಿ ಹೋಗ್ಯಾದ?

ಹನ್ನೆರಡು ದಿನಕ್ಕ ಚಿಂಚೋಳಿ ಕಚೇರಿಯಿಂದ ಕಾಗದ ಬಂತು. ಮುನ್ಶಿ ಓದಿ ಹೇಳಿದ: ಮಾವ ತೀರಿಕೊಂಡ ಸಲುವಾಗಿ ಎಂಟು ದಿನ ರಜಾ ಮಂಜೂರ ಆಗ್ಯಾದ. ನೌಕರಿ ಇದ್ದಾಗ ಜ್ವರ ಬಂದ್ರೂ ನನಗ ಒಂದಿನ ರಜಾ ಸಿಕ್ಕಿರ್ಲಿಲ್ಲ. ನೌಕರಿ ಇಲ್ಲದಾಗ ಎಂಟು ದಿನ ಸಿಕ್ತು.

ಆ ಕಾಗದ ಕೈಯಾಗ ಹಿಡ್ಕೊಂಡು ಮನಿಗಿ ಬಂದ್ರ ಬಾಗಲದಾಗ ಮಾವ ನಿಂತಿದ್ದ. ಹಣಿ ಮ್ಯಾಲಿನ ವಿಭೂತಿ ಮಳಿಗಿ ಕರಗಿ ಮೂಗಿನ ಮ್ಯಾಲ ಇಳದಿತ್ತು, ಕಂಬಳಿಯಿಂದ ನೀರು ಸುರೀತಿತ್ತು. "ಶರಣ್ರಿ ಮಾವ" ಅಂತ ಕಾಲಿಗಿ ಬಿದ್ದೆ. ಅಂವ ಕಂಬಳಿ ಹಿಂಡಿದ. ಒಳಗ ಬಂದು ಕುಂತು ಮಾಳಿಗಿ ನೋಡಿದ, ಇರುವಿ ನೋಡಿದ, ತೊಟ್ಟಲದಾಗಿನ ಬೋಗಾಣಿ ನೋಡಿದ.

"ಚಿಂಚೋಳಿ ಕಚೇರಿಗಿ ಹೋಗಿದ್ದೆ" ಅಂದ. "ಅಲ್ಲಿ ಜಾಗಾ ಖಾಲಿ ಅದ ಅಂತ ನನಗೂ ಸುದ್ದಿ ಬಂತು. ಮಗಳು ದಿನಾ ಅಳ್ತಾಳ. ನಿಮ್ಮ ಸಲುವಾಗಿ ಒಂದು ಮಾತು ಹೇಳಿ ಬರಮ ಅಂತ ಹೋದೆ. ಕಾಗದ ನೋಡೋ ಪೇಶಕಾರ ನನ್ನ ಹೆಸರು ಕೇಳಿದ, ಹೇಳಿದೆ. ಕಾಗದ ತೆಗದು ನೋಡಿ, ನೀವು ಸತ್ತೀರಲ್ಲ ಅಂದ. ಇಲ್ರೀ ಅಂದೆ. ನಿಮ್ಮ ಅಳಿಯಂದೇ ಸಹಿ ಅದ, ಬದಕೀನಿ ಅನ್ಲಿಕ್ಕ ನಿಮ್ಮ ಬಲ್ಲಿ ಏನರ ಕಾಗದ ಅದ ಏನು ಅಂದ. ನನ್ನ ಬಲ್ಲಿ ಕಾಗದ ಇರ್ಲಿಲ್ಲ."

ನನಗ ಅಳು ಬಂತು. ಮಾಸ್ತರ, ಮುನ್ಶಿ, ಮಳಿ ಹನಿ, ಕಡಾ ಕೊಟ್ಟದ್ದು, ಕೊಡುವಾಗ ಸಮಾಧಾನ ಆದದ್ದು, ಏನೂ ಮುಚ್ಚಿಡ್ಲಾರದೇ ಹೇಳಿದೆ. ಆ ನೌಕರಿಗಿ ನನ್ನ ಅರ್ಜಿ ಮುಟ್ಟಲೇ ಇಲ್ಲ, ಅದೂ ಹೋತು ಅಂತ ಹೇಳಿದೆ. ಅಂವ ಕೇಳ್ಕೋತ ಕುಂತ. ಬೋಗಾಣಿಯೊಳಗ ಟಪ್ ಟಪ್ ಅಂತ ಹನಿ ಬೀಳ್ತಿದ್ವು.

ಆಮ್ಯಾಲ ಎದ್ದ. ಬೋಗಾಣಿ ಎತ್ತಿ ನೆಲಕ್ಕ ಇಟ್ಟ. ತೊಟ್ಟಲಾ ಬಾಗಲದ ಕಡಿ ಎಳದು ಮ್ಯಾಲ ನೋಡಿದ, ಅಲ್ಲೂ ಹನಿ ಬಿತ್ತು. ನಡುಮನಿಯೊಳಗ ತಂದ, ಅಲ್ಲೂ ಬಿತ್ತು. ಒಲಿ ಬಾಜೂಕಿನ ಮೂಲಿಗಿ ಒಯ್ದ. ತೊಟ್ಟಲದ ಮ್ಯಾಲ ಅಂಗೈ ಚಾಚಿ ಭಾಳ ಹೊತ್ತು ನಿಂತ. ಹನಿ ಬೀಳ್ಲಿಲ್ಲ. ಕೈ ತನ್ನ ಧೋತರಕ್ಕ ಒರಸಿಕೊಂಡ.

"ನಾ ಬದಕಿರೋ ತನಕ ಕಳ್ಸಂಗಿಲ್ಲ ಅಂತ ಮಾತು ಕೊಟ್ಟಾಂವ ಇದ್ದೆ" ಅಂದ. "ಸರ್ಕಾರದವರೇ ಸತ್ತೀನಿ ಅಂದ ಮ್ಯಾಲ ಇನ್ನ ನಾ ಯಾರಿಗಿ ಬ್ಯಾಡ ಅನ್ಲಿ? ನಡೀರಿ, ರಜಾ ಮುಗಿಯೋದ್ರೊಳಗ ಹೋಗಿ ಕರಕೊಂಡು ಬರಮ."