ಐದು ನಿಮಿಷ ಹಿಡಿದ ಬಾಗಿಲು

ಬೀಗ ರಿಪೇರಿಯವನು ಆ ಬೆಳಿಗ್ಗೆ ಮಗನ ಫೋನನ್ನು ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು, ಅಂಗಡಿಯ ಬೀಗಗಳಲ್ಲೆಲ್ಲ ಗಟ್ಟಿಯಾದದ್ದನ್ನು ಜಡಿದ. ಹಾಗೆ ಮಾಡು ಎಂದು ಹೇಳಿಕೊಟ್ಟವನು ಪಕ್ಕದ ಮನೆಯ ಔಷಧಿ ಅಂಗಡಿಯವನು. ಬಂದದ್ದೆಲ್ಲ ಅಲ್ಲಿಂದಲೇ ಬಂತು.

ಮಗನಿಗೆ ಹದಿನೇಳು. ಆನ್‌ಲೈನ್ ಆಟದ ಗೀಳು ಹತ್ತಿದ ಮೇಲೆ ಕಾಲೇಜು ಬಿಟ್ಟಿದ್ದ, ಸ್ನಾನ ಬಿಟ್ಟಿದ್ದ, ಎರಡು ದಿನದಿಂದ ಊಟವನ್ನೂ ಬಿಟ್ಟಿದ್ದ. ಫೋನು ಕಿತ್ತುಕೊಂಡರೆ ಕೂಗಾಡುತ್ತಾನೆ, ಕೈಗೆ ಸಿಕ್ಕದ್ದನ್ನು ಎಸೆಯುತ್ತಾನೆ ಎಂದು ಅಪ್ಪ ಎದೆ ಗಟ್ಟಿ ಮಾಡಿಕೊಂಡಿದ್ದ. ಹುಡುಗ ಅದೇನೂ ಮಾಡಲಿಲ್ಲ. ಕೋಣೆಯ ನಡುವೆ ಕುರ್ಚಿ ಎಳೆದುಕೊಂಡು ಕೂತ. ಎರಡೂ ಅಂಗೈ ಮುಂದಕ್ಕೆ ಚಾಚಿ, ಏನನ್ನೋ ಒತ್ತಿ ಹಿಡಿದವನಂತೆ ಹಾಗೇ ಉಳಿದ.

ಹನ್ನೊಂದಕ್ಕೆ ಇಣುಕಿದರೂ ಹಾಗೇ. ಹನ್ನೆರಡಕ್ಕೂ ಹಾಗೇ. ತೋಳು ಮಾತ್ರ ಸಣ್ಣಗೆ ನಡುಗುತ್ತಿತ್ತು, ಆಚೆಯಿಂದ ಯಾರೋ ತಳ್ಳುತ್ತಿರುವ ಹಾಗೆ.

“ಏನ್ರೀ ಇದು? ನಂಗೆ ಕೈಕಾಲೇ ಆಡ್ತಿಲ್ಲ,” ಎಂದಳು ಹೆಂಡತಿ. “ಒಂದು ತುತ್ತು ತಿನ್ಲಿ ಸಾಕು. ಆ ಹಾಳು ಫೋನ್ ಕೊಟ್ಬಿಡಿ.”

ಔಷಧಿ ಅಂಗಡಿಯವನು ಕರೆಯದೆಯೇ ಬಂದ. “ಅಮಲು ಇಳೀತಾ ಇದೆ ಕಣಯ್ಯ. ಇವತ್ತು ಕೊಟ್ಯೋ, ಕೆಟ್ಟೆ! ತಲೆ ಮೇಲೆ ತಣ್ಣೀರು ಹುಯ್ಯಿ.”

ಮಹಡಿಯ ಮೇಲಿನ ನಿವೃತ್ತ ಮೇಷ್ಟರೂ ಇಳಿದು ಬಂದರು. ಹುಡುಗನ ಕಣ್ಣೆದುರು ಕೈಯಾಡಿಸಿ ನೋಡಿ, “ತಣ್ಣೀರು ಗಿಣ್ಣೀರು ಎಲ್ಲಾ ಬೇಡ. ಬೆನ್ನಿಗೆ ನಾಲ್ಕು ಬಿಗಿ,” ಎಂದರು.

ಇಬ್ಬರಿಗೂ ಅಲ್ಲೇ ಜಟಾಪಟಿ ಹತ್ತಿತು. ಔಷಧಿಯವನು ಚೊಂಬು ಎತ್ತಿದ. ಮೇಷ್ಟರು ಅದನ್ನು ಹಿಡಿದು ಎಳೆದರು. ನೀರೆಲ್ಲ ಬೀಗದವನ ತಲೆಯ ಮೇಲೆ ಬಿತ್ತು. ಮಳೆಗೆ ಸಿಕ್ಕ ಕಾಗೆಯ ಹಾಗೆ ಅವನು ರೆಪ್ಪೆ ಬಡಿಯುತ್ತ ನಿಂತ.

ಆಗ ಹುಡುಗ, ತಿರುಗದೆಯೇ, ಪಿಸುಗುಟ್ಟಿದ: “ಮೆತ್ತಗೆ ಮಾತಾಡಿ. ಆಚೆಗೆ ಕೇಳ್ಸುತ್ತೆ.”

ಮೇಷ್ಟರಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಔಷಧಿಯವನಿಗೆ ಅಂಗಡಿ ನೆನಪಾಯಿತು. ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿಕೊಂಡು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

ಅಪ್ಪ ಮಗನ ಪಕ್ಕ ಕುಕ್ಕರುಗಾಲಲ್ಲಿ ಕೂತ. “ಏನದು ಮಗಾ, ನೀನು ಹಿಡ್ಕೊಂಡಿರೋದು?”

“ಬಾಗಿಲು.”

“ಯಾವ ಬಾಗಿಲು?”

“ಆಟದ್ದು. ನಮ್ ಟೀಮಲ್ಲಿ ಒಬ್ಳು ಹುಡುಗಿ ಇದಾಳೆ, ಸಣ್ಣೋಳು. ಅವಳ ಮನೇಲಿ ಅವಳ ಜೊತೆ ಯಾರೂ ಮಾತಾಡಲ್ಲ. ನನ್ ಹಿಂದೆ ಕೂತಿದಾಳೆ. ಆಚೆ ಇರೋದು ಒಳಗೆ ಬಂದ್ರೆ ಮೊದ್ಲು ಸಿಗೋದು ಅವಳೇ. ನೀನು ಫೋನ್ ಕಿತ್ಕೊಂಡಾಗ ನಾನು ಬಾಗಿಲು ಒತ್ತಿ ಹಿಡಿದಿದ್ದೆ.”

ಮೂವತ್ತು ವರ್ಷ ಜನರ ಬಾಗಿಲಿಗೆ ಬೀಗ ಹಾಕಿಕೊಟ್ಟವನು ಅವನು. ನಿಮಗೆ ಯಾತರ ಹೆದರಿಕೆ ಎಂದು ಒಬ್ಬರನ್ನೂ ಕೇಳಿದ ನೆನಪಿಲ್ಲ. ಬೈಯಬೇಕೆಂದು ಬಾಯಿ ತೆರೆದ. ಮಗನ ಒಣಗಿದ ತುಟಿ ಕಂಡಿತು. ಬಾಯಿಗೆ ಬೇರೆಯೇ ಮಾತು ಬಂತು.

“ಆ ಮಗು ಏನಾದ್ರೂ ತಿಂದಿದ್ಯೇನೋ?”

ಹುಡುಗ ಎಷ್ಟೋ ತಿಂಗಳ ಮೇಲೆ ಅಪ್ಪನ ಮುಖ ನೋಡಿದ. “ಇಲ್ಲ... ಯಾರೂ ಕೇಳಿಲ್ಲ.”

“ನೀನಾದ್ರೂ ಹೋಗಿ ಉಣ್ಣು. ಐದು ನಿಮಿಷ ನಾನು ಹಿಡ್ಕೋತೀನಿ.”

ಹುಡುಗ ಅನುಮಾನಿಸಿದ. ಆಮೇಲೆ ಎದ್ದು ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಅವನ ಕೈಗಳನ್ನು ಒಂದೊಂದಾಗಿ ಗಾಳಿಗೆ ಆನಿಸಿ, “ಎಡಗೈ ಇನ್ನೂ ಸ್ವಲ್ಪ ಮೇಲೆ,” ಎಂದು ಹೇಳಿ ಹೋದ.

ಅಡುಗೆಮನೆಯಲ್ಲಿ ಸೌಟಿನ ಸದ್ದಾಯಿತು. ಒಂದು ಸಲ, ಎರಡು ಸಲ, ಮೂರನೆಯ ಸಲ. ಹೆಂಡತಿ ಮೂಗು ಒರೆಸಿಕೊಂಡದ್ದೂ ಕೇಳಿಸಿತು. ನೆಂಟರ ಮನೆಯ ಗೋಡೆ ಬೀಳದಂತೆ ಹಿಡಿದು ನಿಂತ ಪೆದ್ದನ ಹಾಗೆ ಬೀಗದವನು ಬರಿಯ ಗಾಳಿಯನ್ನು ಹಿಡಿದು ಕೂತಿದ್ದ. ನಗು ಬಂತು. ಮಗ ಉಂಡನಲ್ಲ, ಇನ್ನೇನು ಬೇಕು! ಕೈ ಇಳಿಸೋಣ ಎಂದುಕೊಂಡ. ಆಗಲೇ ನಗು ನಿಂತುಹೋಯಿತು.

ಮಗ ಕೈ ಒರೆಸಿಕೊಳ್ಳುತ್ತ ಬಂದಾಗ ಅವನ ಮುಖ ಸಣ್ಣದಾಗಿತ್ತು.

“ಅಪ್ಪಾ, ಕೈ ಇಳಿಸು. ನಾನು ನಾಟಕ ಆಡ್ದೆ. ಹೆದರ್ಕೊಂಡು ಫೋನ್ ವಾಪಸ್ ಕೊಡ್ತೀಯ ಅಂತ. ಬಾಗಿಲೂ ಇಲ್ಲ, ಹುಡುಗೀನೂ ಇಲ್ಲ. ಎಲ್ಲಾ ನಾನೇ ಕಟ್ಟಿದ್ದು. ನೀನು ನೋಡಿದ್ರೆ ಹೀಗೆ ನಂಬಿ ಕೂತ್ಬಿಟ್ಟೆ...” ತೋಳಿನಿಂದ ಕಣ್ಣೊರೆಸಿಕೊಂಡ. “ಇನ್ನು ಆಟ ಬೇಡಪ್ಪ. ಬಿಟ್ಟೆ. ನಾಳೆಯಿಂದ ಕಾಲೇಜಿಗೆ ಹೋಗ್ತೀನಿ.”

ಬೇರೆ ಯಾವ ಅಪ್ಪನಾದರೂ ಕುಣಿದುಬಿಡುತ್ತಿದ್ದ. ಇವನು ಕೈ ಇಳಿಸಲಿಲ್ಲ. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು.

“ಒಳ್ಳೇದಾಯ್ತು ಮಗಾ,” ಎಂದ. “ಆದ್ರೆ, ಹುಡುಗಿ ಇಲ್ಲ ಅಂದ್ಯಲ್ಲ, ಮತ್ತೆ ನನ್ ಅಂಗಿ ಹಿಡ್ಕೊಂಡಿರೋದು ಯಾರು?”

ಮಗ ಬಗ್ಗಿ ನೋಡಿದ. ಅಪ್ಪನ ಅಂಗಿಯ ಅಂಚು ಪುಟ್ಟ ಮುಷ್ಟಿಯೊಳಗೆ ಸಿಕ್ಕಂತೆ ಮುದುಡಿ, ನೇರವಾಗಿ ಹಿಂದಕ್ಕೆ ಜಗ್ಗಿಕೊಂಡಿತ್ತು. ಕುರ್ಚಿಯ ಹಿಂದೆ ಯಾರೂ ಇರಲಿಲ್ಲ.

“ಹೆದರ್ಬೇಡ, ನಾನಿದೀನಿ,” ಎಂದ ಅಪ್ಪ.

ಹೇಳಿದ್ದು ಮಗನಿಗಲ್ಲ.